ನಿಪ್ಪಾಣಿ ದಾಟುವ ಮುನ್ನ: ಪರರಾಜ್ಯಕ್ಕೆ ವಾಹನ ಒಯ್ಯುವ ಬೆಳೆಗಾರರಿಗೆ ಕೆಲವು ಸೂಚನೆಗಳು



ಕೊಯ್ಲು ಮುಗಿಸಿ ಕೈ ಸ್ವಲ್ಪ ಬಿಡುವಾದೊಡನೆ ನಮ್ಮಲ್ಲಿ ಅನೇಕರು ಸ್ವಂತ ವಾಹನದಲ್ಲಿ ಕೊಲ್ಹಾಪುರದ ಅಂಬಾಬಾಯಿ ದರ್ಶನಕ್ಕೋ, ಪುಣೆಯಲ್ಲಿರುವ ಮಕ್ಕಳ ಮನೆಗೋ ಹೊರಡುವುದುಂಟು. ಮಲೆನಾಡಿನಿಂದ ಆ ಕಡೆಗೆ ಹೋಗುವವರಿಗೆ ನಿಪ್ಪಾಣಿಯೇ ಹೆಬ್ಬಾಗಿಲು. ಬೆಳಗಾವಿಯಿಂದ ಸುಮಾರು 75 ಕಿ.ಮೀ. ಕ್ರಮಿಸಿದರೆ ನಿಪ್ಪಾಣಿ, ಮುಂದೆ ಕೊಗನೊಳ್ಳಿ, ಅದರಾಚೆ ಮಹಾರಾಷ್ಟ್ರದ ಕಾಗಲ್. ಮೊದಲು 4ನೇ ನಂಬರಿನದೆಂದು ಕರೆಯುತ್ತಿದ್ದ ಈ ಹೆದ್ದಾರಿಗೆ ಈಗ 48ನೇ ಸಂಖ್ಯೆ.

ವಿದೇಶಕ್ಕೆ ಹೋಗಿ ಕಾರು ನಡೆಸುವವನು ಮೊದಲು ಆ ದೇಶದ ನಿಯಮ ಕೇಳಿ ತಿಳಿಯುತ್ತಾನೆ. ನಮ್ಮ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯುತ್ತಾನೆ. ಅಮೆರಿಕದಲ್ಲಾಗಲಿ ಕೊಲ್ಲಿ ರಾಷ್ಟ್ರಗಳಲ್ಲಾಗಲಿ ರಸ್ತೆಯ ಬಲಬದಿಗೆ ಓಡಿಸಬೇಕೆಂಬುದನ್ನು ನೆನಪಿಟ್ಟುಕೊಳ್ಳುತ್ತಾನೆ. ಪಕ್ಕದ ರಾಜ್ಯವೆಂದರೆ ಮಾತ್ರ ನಮಗೆ ಸಲಿಗೆ. ಎಡಬದಿಯ ಸಂಚಾರ ಅಲ್ಲಿಯೂ ಒಂದೇ, ಕಾನೂನೂ ಒಂದೇ ಎಂಬುದು ನಿಜ. ಆದರೆ ರಸ್ತೆಯ ರೀತಿ ಬೇರೆ, ಫಲಕದ ಭಾಷೆ ಬೇರೆ. ಊರಿನಲ್ಲಿ ಸಣ್ಣದಾಗಿ ಕಂಡ ಲೋಪವು ಮುನ್ನೂರು ಮೈಲಿ ದೂರದಲ್ಲಿ ದೊಡ್ಡ ತೊಂದರೆಯಾಗುತ್ತದೆ.

ಕಾಗದ ಪತ್ರಗಳು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಮ್ಮ ಚಾಲನಾ ಪರವಾನಗಿ ಮತ್ತು ವಾಹನದ ನೋಂದಣಿ ಇಡೀ ದೇಶದಲ್ಲಿ ನಡೆಯುತ್ತವೆ. ಇವೆರಡರ ಜೊತೆಗೆ ವಿಮೆ ಹಾಗೂ ಹೊಗೆ ತಪಾಸಣೆಯ ಪತ್ರಗಳು ಚಾಲ್ತಿಯಲ್ಲಿರತಕ್ಕದ್ದು. ಸರ್ಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೂ ಸಾಕು. ಬರಿಯ ಫೋಟೋ ತೆಗೆದಿಟ್ಟುಕೊಂಡಿದ್ದರೆ ಸಾಲದು. ಹೊರಡುವ ಹಿಂದಿನ ದಿನ ವಿಮೆಯ ಕೊನೆಯ ತಾರೀಖನ್ನು ಒಮ್ಮೆ ಓದಿರಿ. ಇದಕ್ಕೆ ಎರಡು ನಿಮಿಷ ಸಾಕು.

ಕೊಲ್ಹಾಪುರದ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಜೀಪು ಕೊಳ್ಳುವವರೂ ಇದ್ದಾರೆ. ಅಂಥವರು ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಹಣ ಕೊಡಬಾರದು. ಪರರಾಜ್ಯದ ನಂಬರಿನ ವಾಹನ ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಉಳಿದರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು.

ಜಕಾತಿ ಕಟ್ಟೆಗಳು

ಸಂಕೇಶ್ವರದ ಈಚೆ ಹತ್ತರಗಿ, ಗಡಿಯಲ್ಲಿ ಕೊಗನೊಳ್ಳಿ, ಕೊಲ್ಹಾಪುರದಾಚೆ ಕಿಣಿ, ಹೀಗೆ ಸುಂಕದ ಕಟ್ಟೆಗಳು ಸಾಲಾಗಿವೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಚೀಟಿಯಲ್ಲಿ ಹಣವಿಲ್ಲದೆ ನಗದು ಕೊಟ್ಟರೆ ದುಪ್ಪಟ್ಟು ತೆರಬೇಕಾಗುತ್ತದೆ.

ಪಿಕಪ್ ಇರುವವರು ಮುಖ್ಯವಾಗಿ ಓದಬೇಕಾದುದು

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಕಾಯ್ದೆಯಲ್ಲಿ ಪರ್ಮಿಟ್ಟಿನ ವಿನಾಯಿತಿಯುಂಟು. ಅದಕ್ಕಿಂತ ದೊಡ್ಡದಾದರೆ ಗಡಿ ದಾಟಲು ರಾಷ್ಟ್ರೀಯ ಪರ್ಮಿಟ್ ಅಥವಾ ಆ ರಾಜ್ಯದ ಮಾನ್ಯತೆ ಬೇಕು. 7,500 ಕಿಲೋ ಒಳಗಿನ ಸರಕು ವಾಹನವನ್ನು ಲಘು ವಾಹನದ ಪರವಾನಗಿ ಇರುವವನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಒಣ ಅಡಿಕೆ ಒಯ್ಯುವವರು, ಮಾಲಿನ ಬೆಲೆ 50,000 ರೂ. ಮೀರಿದರೆ ಇ-ವೇ ಬಿಲ್ ಮಾಡಿಸಿಯೇ ಹೊರಡಬೇಕು.

ಇದೆಲ್ಲಕ್ಕಿಂತ ಗಂಭೀರವಾದ ವಿಷಯ ಬೇರೆ ಇದೆ. ಹಿಂಬದಿಗೆ ಜಮಖಾನ ಹಾಸಿ ಮನೆಮಂದಿಯನ್ನೂ ಆಳುಮಕ್ಕಳನ್ನೂ ಕೂರಿಸಿಕೊಂಡು ಯಾತ್ರೆಗೆ ಹೋಗುವ ರೂಢಿ ನಮ್ಮಲ್ಲಿದೆ. ಸರಕು ವಾಹನದ ವಿಮೆ ಸರಕಿನ ಮಾಲೀಕನಿಗೋ ಅವನ ಪ್ರತಿನಿಧಿಗೋ ಅನ್ವಯಿಸಬಹುದೇ ಹೊರತು, ಹೀಗೆ ಕುಳಿತ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ವಾಹನ ಮಗುಚಿ ಜೀವಹಾನಿಯಾದರೆ ಪರಿಹಾರದ ಹೊರೆ ವಾಹನದ ಒಡೆಯನ ಮೇಲೆಯೇ ಬರುತ್ತದೆ. ಎರಡು ಎಕರೆ ತೋಟದವನು ಅದನ್ನು ತೋಟ ಮಾರಿಯೇ ತೀರಿಸಬೇಕಾದೀತು. ಹೋದ ಜೀವವಂತೂ ತೋಟ ಮಾರಿದರೂ ಬರದು. ಬಾಡಿಗೆಗೆ ಒಂದು ವ್ಯಾನು ಹಿಡಿಯುವ ಖರ್ಚು ಇದರ ಮುಂದೆ ಏನೂ ಅಲ್ಲ.

ದಾರಿಯ ಗುಣ

ಘಟ್ಟದ ತಿರುವುಗಳಲ್ಲಿ ಪಳಗಿದ ನಾವು ನೇರವಾದ ಅಗಲ ರಸ್ತೆ ಕಂಡೊಡನೆ ವೇಗ ಹೆಚ್ಚಿಸುತ್ತೇವೆ. ನಿಪ್ಪಾಣಿಗೆ ಮೊದಲು ಸ್ತವನಿಧಿ ಘಾಟ್ ಇದೆ. ಅಲ್ಲಿನ ಇಳಿಜಾರಿನಲ್ಲಿ ಲಾರಿಗಳು ಹತೋಟಿ ತಪ್ಪಿದ ಪ್ರಸಂಗಗಳು ಹಲವು. ಗೇರು ಇಳಿಸಿ, ಲಾರಿಯಿಂದ ಅಂತರವಿಟ್ಟು ಇಳಿಯಿರಿ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಎಣ್ಣೆ ಉಳಿಸುವ ಚಾಳಿ ಬೇಡ.

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆ ಕಬ್ಬಿನ ನಾಡು. ಕಬ್ಬು ಅರೆಯುವ ಕಾಲ ಚಳಿಗಾಲದಲ್ಲಿ ಬರುತ್ತದೆ. ನಾವು ಪ್ರವಾಸ ಹೊರಡುವುದೂ ಅದೇ ಸುಮಾರಿಗೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರಾಕ್ಟರುಗಳು ಹಿಂದೀಪವಿಲ್ಲದೆ ಸಾಗುತ್ತವೆ. ಎತ್ತಿನ ಗಾಡಿಗಳೂ ಇರುತ್ತವೆ. ಕೆಲವು ಎದುರು ದಿಕ್ಕಿನಲ್ಲೇ ಬಂದುಬಿಡುವುದೂ ಉಂಟು. ರಾತ್ರಿ ಎದುರು ದೀಪದ ಝಳದಲ್ಲಿ ಕಬ್ಬಿನ ಹೊರೆ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಆದ್ದರಿಂದ ಕತ್ತಲಾಗುವ ಮೊದಲೇ ನಿಪ್ಪಾಣಿಯಲ್ಲೋ ಕೊಲ್ಹಾಪುರದಲ್ಲೋ ತಂಗುವುದು ಲೇಸು.

ಮಳೆಗಾಲದ ಎಚ್ಚರಿಕೆ ಬೇರೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯೂ, ಕೊಲ್ಹಾಪುರದ ಶಿರೋಳಿಯಲ್ಲಿ ಪಂಚಗಂಗೆಯೂ ಹೆದ್ದಾರಿಗೇ ಹರಿದು ಸಂಚಾರ ನಿಂತುಹೋಗಿತ್ತು. ನಿಂತ ನೀರಿಗೆ ವಾಹನ ಇಳಿಸಬೇಡಿರಿ. 2022ರ ಡಿಸೆಂಬರಿನಂತೆ ಗಡಿ ವಿವಾದ ಬಿಸಿಯಾದ ದಿನಗಳಲ್ಲಿ ಬಸ್ಸುಗಳೇ ನಿಂತದ್ದುಂಟು. ಅಂಥ ಸಮಯದಲ್ಲಿ ಬೆಳಗಾವಿಯಲ್ಲೇ ವಿಚಾರಿಸಿ ಮುಂದುವರಿಯಿರಿ.

ಫಲಕದ ಮಾತು

ಗಡಿ ದಾಟಿದ ಮೇಲೆ ಫಲಕಗಳು ಮರಾಠಿಯಲ್ಲಿರುತ್ತವೆ. ಅಪಘಾತ, ಸಾವಕಾಶ ಎಂಬ ಮಾತುಗಳು ನಮ್ಮವೇ. ಉಳಿದಂತೆ ಇಷ್ಟು ಕಲಿತರೆ ಸಾಕು: ವಳಣ ಎಂದರೆ ತಿರುವು, ಗತಿರೋಧಕ ಎಂದರೆ ರಸ್ತೆಯುಬ್ಬು, ಪುಢೆ ಎಂದರೆ ಮುಂದೆ, ಥಾಂಬಾ ಎಂದರೆ ನಿಲ್ಲಿ, ಧೋಕಾ ಎಂದರೆ ಅಪಾಯ, ಡಾವೀಕಡೆ ಎಂದರೆ ಎಡಕ್ಕೆ, ಉಜವೀಕಡೆ ಎಂದರೆ ಬಲಕ್ಕೆ. ಧೋಕಾ ಎಂದು ಕಂಡಾಗ ಯಾರೋ ಮೋಸ ಮಾಡಿದರೆಂದು ತಿಳಿಯದೆ ವೇಗ ತಗ್ಗಿಸಿರಿ!

ಬೈಕಿನಲ್ಲಿ ಹೋಗುವ ತರುಣರು ಹಿಂದೆ ಕುಳಿತವನಿಗೂ ಶಿರಸ್ತ್ರಾಣ ಕಡ್ಡಾಯವೆಂಬುದನ್ನು ಮರೆಯಬಾರದು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹಾದಿಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಅವರು ಹಳೆಯ ಹೆದ್ದಾರಿ ಹಿಡಿಯಬೇಕು.

ಅನಾಹುತವಾದರೆ

ತುರ್ತಿಗೆ 112, ಹೆದ್ದಾರಿಯ ಸಹಾಯಕ್ಕೆ 1033 ಸಂಖ್ಯೆಗೆ ಕರೆ ಮಾಡಿರಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಸಾಕ್ಷಿಯಾಗೆಂದು ಬಲವಂತ ಮಾಡುವಂತಿಲ್ಲವೆಂದು ನಿಯಮ ಹೇಳುತ್ತದೆ. ಆದುದರಿಂದ ದಾರಿಯಲ್ಲಿ ಯಾರೇ ಬಿದ್ದಿರಲಿ, ಹೆದರದೆ ನೆರವಾಗಿರಿ. ನಾಳೆ ಆ ದೂರದ ಊರಿನಲ್ಲಿ ನಮ್ಮವರಿಗೂ ಅಂಥದೇ ಒಂದು ಕೈ ಬೇಕಾದೀತು.

ವಿಮೆಯ ಪತ್ರದ ತಾರೀಖು, ಟೈರಿನ ಸ್ಥಿತಿ, ಹಿಂದೀಪ, ಈ ಮೂರನ್ನೂ ನೋಡಿಕೊಂಡ ಮೇಲೆಯೇ ತೆಂಗಿನಕಾಯಿ ಒಡೆದು ಹೊರಡಿರಿ. ಪ್ರಯಾಣ ಸುಖಕರವಾಗಲಿ.