ಮಿಣುಕುವ ಗಣಕಯಂತ್ರದ ಪರದೆ ಮತ್ತು ಗುಮಾಸ್ತರ ಕಣ್ಣು

ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ವಹಿವಾಟು ಬಿರುಸಾಗಿರುತ್ತದೆ. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಹಣ್ಣುಗಳ ಆವಕ, ತೂಕ, ದರ, ಲಾರಿ ಬಾಡಿಗೆ, ರೈತರಿಗೆ ಸಲ್ಲಬೇಕಾದ ಬಾಕಿ ಎಲ್ಲವೂ ಅಂದಂದೇ ಲೆಕ್ಕಕ್ಕೆ ಬರಬೇಕು. ಹಿಂದೆ ರೋಜುಕಿರ್ದಿ, ಖಾತಾವಹಿಗಳಲ್ಲಿ ನಡೆಯುತ್ತಿದ್ದ ಈ ಬರವಣಿಗೆಯು ಈಗ ಬಹುಮಟ್ಟಿಗೆ ಗಣಕಯಂತ್ರಕ್ಕೆ ವರ್ಗವಾಗಿದೆ. ರಾಜ್ಯದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್, 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ತಿರುಳು ತಯಾರಿಕಾ ಘಟಕಗಳಿಗೂ ಇತರ ಸಣ್ಣ ಉದ್ದಿಮೆಗಳಿಗೂ ಪರದೆಯ ಮುಂದಿನ ಕೆಲಸ ಹೆಚ್ಚಿತು. ಮಾಸಿಕ ವಿವರ ಸಲ್ಲಿಸುವವರು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾಗಿರುವುದರಿಂದ ಗುಮಾಸ್ತರು ಗಂಟೆಗಟ್ಟಲೆ ಅಂಕಿಗಳನ್ನೇ ನೋಡುತ್ತಾ ಕೂರುವುದು ಸಾಮಾನ್ಯವಾಗಿದೆ. ಸಂಜೆಯ ವೇಳೆಗೆ ಅವರು ಕಣ್ಣುರಿ, ತಲೆನೋವು ಎಂದರೆ ಅದನ್ನು ಕೆಲಸಗಳ್ಳತನವೆಂದು ತಳ್ಳಿಹಾಕುವುದು ಸರಿಯಲ್ಲ. ದಣಿದ ಕಣ್ಣು 3ನ್ನು 8 ಎಂದು ಓದಿದರೆ ನಷ್ಟವಾಗುವುದು ಮಾಲೀಕರಿಗೇ.

ಮಿಣುಕು ಎಂದರೇನು?

ಸ್ಥಿರವಾಗಿ ಕಾಣುವ ಬೆಳಕು ವಾಸ್ತವದಲ್ಲಿ ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆಯಾಗುತ್ತಿರಬಹುದು. ಸೆಕೆಂಡಿಗೆ ಸುಮಾರು 50ರಿಂದ 60 ಬಾರಿಗಿಂತ ವೇಗವಾಗಿ ಮಿಣುಕುವ ಬೆಳಕನ್ನು ಹೆಚ್ಚಿನವರ ಕಣ್ಣು ಗುರುತಿಸಲಾರದು. ಹಳೆಯ ಕಾಲದ, ಹಿಂಬದಿ ಉದ್ದವಿದ್ದ ಸಿಆರ್‌ಟಿ ಮಾನಿಟರುಗಳು 60 ಹರ್ಟ್ಸ್‌ನಲ್ಲಿ ನಡೆದಾಗ ಮಿಣುಕು ಅನೇಕರಿಗೆ ಕಾಣುತ್ತಿತ್ತು. 75 ಅಥವಾ 85 ಹರ್ಟ್ಸ್‌ಗೆ ಏರಿಸಿದರೆ ಕಡಿಮೆಯಾಗುತ್ತಿತ್ತು. ಇಂದಿನ ತೆಳು ಪರದೆಗಳಲ್ಲಿ ಆ ದೋಷವಿಲ್ಲ. ಆದರೆ ಹಲವು ಮಾನಿಟರುಗಳು ಬೆಳಕನ್ನು ತಗ್ಗಿಸಲು ಹಿಂಬದಿಯ ಎಲ್‌ಇಡಿ ದೀಪಗಳನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಇದು ಸೆಕೆಂಡಿಗೆ ಕೆಲವು ನೂರು ಬಾರಿ ನಡೆಯುವುದರಿಂದ ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಆಯಾಸ, ತಲೆನೋವು ತರಬಲ್ಲದು.

ಕಾಣದ ಮಿಣುಕೂ ಬಾಧಿಸುತ್ತದೆಂಬುದು ಊಹೆಯಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. 1989ರಲ್ಲಿ ಬ್ರಿಟನ್ನಿನಲ್ಲಿ ವಿಲ್ಕಿನ್ಸ್ ಮತ್ತು ಸಂಗಡಿಗರು ಕಚೇರಿಯೊಂದರಲ್ಲಿ ಇಂತಹ ದೀಪಗಳ ಬದಲು ಹೆಚ್ಚಿನ ಆವರ್ತನದ ದೀಪಗಳನ್ನು ಬಳಸಿ ನೋಡಿದಾಗ ತಲೆನೋವು ಮತ್ತು ಕಣ್ಣಿನ ಆಯಾಸ ಸರಾಸರಿ ಅರ್ಧಕ್ಕಿಂತ ಕೆಳಗಿಳಿದವು. ಆದ್ದರಿಂದ ಪರದೆಯನ್ನು ಮಾತ್ರವಲ್ಲದೆ ತಲೆಯ ಮೇಲಿನ ದೀಪವನ್ನೂ ಪರೀಕ್ಷಿಸಬೇಕು. ಕಳಪೆ ಎಲ್‌ಇಡಿ ಬಲ್ಬುಗಳಲ್ಲಿಯೂ ಇದೇ ದೋಷವುಂಟು.

ಸೆಕೆಂಡಿಗೆ 3ರಿಂದ 30 ಬಾರಿಯ ನಿಧಾನ ಮಿಣುಕು ಮಾತ್ರ ಬೇರೆಯದೇ ಅಪಾಯ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಧಾರಾವಾಹಿಯ ಮಿನುಗುವ ದೃಶ್ಯ ನೋಡಿ ಸುಮಾರು 685 ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಬೆಳಕಿನಿಂದ ಮೂರ್ಛೆ ಬರುವ ತೊಂದರೆಯಿರುವ ನೌಕರರನ್ನು ಕೆಟ್ಟು ಮಿಣುಕುತ್ತಿರುವ ದೀಪ ಅಥವಾ ಪರದೆಯ ಮುಂದೆ ಕೂರಿಸಬಾರದು.

ಎಲ್ಲ ದೂರಿಗೂ ಮಿಣುಕೇ ಕಾರಣವಲ್ಲ

ಮನುಷ್ಯರು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಮಿಟುಕಿಸುತ್ತಾರೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದು ಕಣ್ಣಿನ ತೇವ ಆರುತ್ತದೆ. ಉರಿ, ಕೆಂಪು, ಮಂಜುನೋಟಗಳಿಗೆ ಇದೇ ಬಹುಮುಖ್ಯ ಕಾರಣ. ನಲವತ್ತು ದಾಟಿದವರಿಗೆ ಹತ್ತಿರದ ನೋಟ ಕುಗ್ಗುವುದು, ತೆರೆದ ರೋಲಿಂಗ್ ಶಟರಿನ ಬಿಸಿಲು ಪರದೆಯ ಮೇಲೆ ಬೀಳುವುದು, ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯುವುದು ಇವೂ ಸೇರಿಕೊಳ್ಳುತ್ತವೆ. ಪರದೆಯ ಮಿಣುಕಿನಿಂದ ಕಣ್ಣು ಶಾಶ್ವತವಾಗಿ ಕೆಡುತ್ತದೆಂಬುದಕ್ಕೆ ಆಧಾರವಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕದಿಂದ ಕಣ್ಣಿನ ಆಯಾಸ ತಗ್ಗುವ ಸಂಭವ ಕಡಿಮೆಯೆಂದು 2023ರ ಕಾಕ್ರೇನ್ ವಿಮರ್ಶೆ ತಿಳಿಸಿರುವುದರಿಂದ ಅದಕ್ಕೆ ಹಣ ಸುರಿಯುವ ಮೊದಲು ಯೋಚಿಸುವುದು ಒಳಿತು.

ಪರೀಕ್ಷೆ ಮತ್ತು ಪರಿಹಾರ

ಕೋಣೆಯ ದೀಪ ಆರಿಸಿ, ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರ ಮುಂದೆ ಪೆನ್ನನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಬೇಕು. ಒಂದೇ ಮಸುಕಾದ ಪಟ್ಟಿ ಕಂಡರೆ ಬೆಳಕು ಸ್ಥಿರವಾಗಿದೆ. ಬಿಡಿಬಿಡಿಯಾಗಿ ಹಲವು ಪೆನ್ನುಗಳು ಕಂಡರೆ ಮಿಣುಕು ಇದೆ. ಪರದೆಯ ಬೆಳಕನ್ನು ಪೂರ್ಣ ಏರಿಸಿದಾಗ ಈ ಲಕ್ಷಣ ಮಾಯವಾದರೆ ಬೆಳಕು ತಗ್ಗಿಸುವ ವಿಧಾನವೇ ಕಾರಣ. ಆಗ ಬೆಳಕನ್ನು ತೀರ ತಗ್ಗಿಸದೆ, ಕೋಣೆಯ ಬೆಳಕನ್ನು ಅದಕ್ಕೆ ಹೊಂದಿಸಬಹುದು. ಕಣ್ಣಿಗೆ ನೇರವಾಗಿ ಕಾಣುವ ಮಿಣುಕಾದರೆ ಮೊದಲು ಸಡಿಲವಾದ ಕೇಬಲನ್ನೂ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ರಿಫ್ರೆಶ್ ರೇಟನ್ನೂ ನೋಡಬೇಕು. ಹೊಸ ಮಾನಿಟರು ಕೊಳ್ಳುವಾಗ ‘ಫ್ಲಿಕರ್ ಫ್ರೀ’ ಎಂಬ ಗುಣವಿದೆಯೇ ಎಂದು ವಿಚಾರಿಸಿ, ಅಂಗಡಿಯಲ್ಲೇ ಪೆನ್ನಿನ ಪರೀಕ್ಷೆ ನಡೆಸುವುದು ಲೇಸು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ಒಂದು ತೋಳಳತೆಯ ದೂರದಲ್ಲಿರಲಿ. ಬಾಗಿಲು, ಕಿಟಕಿ ಪಕ್ಕಕ್ಕಿರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ರೂಢಿಯನ್ನು ಗುಮಾಸ್ತರಿಗೆ ಕಲಿಸಬೇಕು. ತೊಂದರೆ ಉಳಿದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಯಲ್ಲಾಗಲಿ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಾಗಲಿ ತಪಾಸಣೆ ಮಾಡಿಸಬಹುದು. ಒಂದು ಕಣ್ಣಿನಲ್ಲಿ ನೋವು, ಹಠಾತ್ತನೆ ನೋಟ ಕುಗ್ಗುವುದು ಕಂಡರೆ ತಡ ಮಾಡಬಾರದು.

ಖರ್ಚಿನ ಲೆಕ್ಕ

ತೆರಿಗೆಗೆ ಒಳಪಟ್ಟ ಸರಕು ತಯಾರಿಸುವ ನೋಂದಾಯಿತ ಘಟಕಗಳು ಮಾನಿಟರಿನ ಮೇಲೆ ತೆತ್ತ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಹೊಂದಾಣಿಕೆ ಮಾಡಿಕೊಳ್ಳಬಹುದು. ಬಿಲ್ಲಿನಲ್ಲಿ ಘಟಕದ ಜಿಎಸ್‌ಟಿ ಸಂಖ್ಯೆ ಇರಬೇಕು. ತಾಜಾ ಹಣ್ಣಿಗೆ ತೆರಿಗೆ ವಿನಾಯಿತಿ ಇರುವುದರಿಂದ ಹಣ್ಣನ್ನಷ್ಟೇ ಮಾರುವ ಮಂಡಿಗಳಿಗೆ ಈ ಸೌಲಭ್ಯ ದೊರೆಯದು. ಆದರೂ ಒಂದು ಮಾನಿಟರು ಹಲವು ಸುಗ್ಗಿಗಳಿಗೆ ಒದಗುತ್ತದೆ. ಆ ವೆಚ್ಚವನ್ನು ವರ್ಷಗಳಿಗೆ ಹಂಚಿ, ಲಾರಿ ಲೋಡೊಂದರ ತೂಕವನ್ನೋ ದರವನ್ನೋ ತಪ್ಪಾಗಿ ನಮೂದಿಸಿದರೆ ಆಗುವ ನಷ್ಟದೊಡನೆ ಹೋಲಿಸಿ ನೋಡಿದರೆ ಯಾವುದು ಉಳಿತಾಯವೆಂಬುದು ವರ್ತಕರಿಗೆ ತಾನಾಗಿಯೇ ತಿಳಿಯುತ್ತದೆ.