ಬೂದಿ ಮುಚ್ಚಿದ ಕೆಂಡ: ಹಬಲ್‌ಗೆ ಕಾಣದ ಗ್ಯಾಲಕ್ಸಿಯ ಕಥೆ

ಲ್ಯಾಬ್‌ನಲ್ಲಿ ಮೀಟರ್ ಸೊನ್ನೆ ತೋರಿಸಿದ್ರೆ ನಾವೇನ್ ಮಾಡ್ತೀವಿ? ರೆಕಾರ್ಡ್‌ನಲ್ಲಿ ಸೊನ್ನೆ ಅಂತ ಬರೆದು ಮುಂದೆ ಹೋಗ್ತೀವಿ. (ಪಕ್ಕದ ಬ್ಯಾಚ್‌ನ ರೀಡಿಂಗ್ ನೋಡಿ ಬರ್ಕೊಳ್ಳೋರ ಕಥೆ ಬೇರೆ.) ಆದ್ರೆ ಆ ಸೊನ್ನೆಗೆ ಎರಡು ಅರ್ಥ ಇರಬಹುದು. ಒಂದು, ಅಲ್ಲಿ ನಿಜವಾಗ್ಲೂ ಏನೂ ಇಲ್ಲ. ಇನ್ನೊಂದು, ಇರೋದನ್ನ ಅಳೆಯೋಕೆ ಈ ಮೀಟರ್ ಕೈಲಿ ಆಗಲ್ಲ. ಈ ಎರಡನೇ ಅರ್ಥದ ಹಿಂದೆ ಬಿದ್ದ ಒಬ್ಬ ಖಗೋಳ ವಿಜ್ಞಾನಿಯ ಬಗ್ಗೆ ಈ ಲೇಖನ. ಅವರ ಹೆಸರು ಡೇವಿಡ್ ಹ್ಯೂಸ್.

1995ರ ಡಿಸೆಂಬರ್‌ನಲ್ಲಿ ಹಬಲ್ ಟೆಲಿಸ್ಕೋಪ್ ಸಪ್ತರ್ಷಿ ಮಂಡಲದ ಹತ್ತಿರ ಖಾಲಿ ಅನ್ನಿಸೋ ಒಂದು ಜಾಗವನ್ನ ಸತತ 10 ದಿನ ನೋಡಿತು. ಕೈ ಚಾಚಿ ಹಿಡಿದ ಒಂದು ರವೆ ಕಾಳಿನ ಹಿಂದೆ ಮರೆಯಾಗುವಷ್ಟು ಚಿಕ್ಕ ಜಾಗ ಅದು. ಚಿತ್ರದಲ್ಲಿ ಸಿಕ್ಕಿದ್ದು ಸುಮಾರು 3000 ಗ್ಯಾಲಕ್ಸಿಗಳು! ಅದೇ ಹಬಲ್ ಡೀಪ್ ಫೀಲ್ಡ್. ಇದಕ್ಕಿಂತ ಜಾಸ್ತಿ ಇನ್ನೇನು ಕಾಣಬೇಕು ಅಂತ ಯಾರಿಗಾದ್ರೂ ಅನ್ನಿಸುತ್ತೆ.

ಸಮಸ್ಯೆ ಏನಂದ್ರೆ ಧೂಳು. ನಕ್ಷತ್ರಗಳು ಹುಟ್ಟೋದೇ ಅನಿಲ ಮತ್ತು ಧೂಳಿನ ಮೋಡಗಳ ಒಳಗೆ. ಈ ಧೂಳು ನಮ್ಮ ರಸ್ತೆಯ ಧೂಳಲ್ಲ, ಮೈಕ್ರಾನ್‌ಗಿಂತ ಸಣ್ಣದಾದ ಸಿಲಿಕೇಟ್ ಮತ್ತು ಕಾರ್ಬನ್ ಕಣಗಳು. ಹೊಸ ನಕ್ಷತ್ರಗಳ ಬೆಳಕನ್ನ ಇವು ಹೀರಿಕೊಳ್ಳುತ್ತವೆ. ಶಕ್ತಿ ಎಲ್ಲೂ ಮಾಯ ಆಗಲ್ಲ ಅಲ್ವಾ? ಕಣಗಳು ಸ್ವಲ್ಪ ಬಿಸಿಯಾಗಿ, ಅಂದ್ರೆ 30-40 ಕೆಲ್ವಿನ್‌ಗೆ ಬಂದು, ಅದೇ ಶಕ್ತಿಯನ್ನ ಸುಮಾರು 100 ಮೈಕ್ರಾನ್ ತರಂಗಾಂತರದಲ್ಲಿ ಹೊರಗೆ ಬಿಡುತ್ತವೆ. ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೇ ಇದು. ಕಣ್ಣಿಗೆ ಬರೀ ಬೂದಿ, ಆದ್ರೆ ಹತ್ತಿರ ಕೈ ಹಿಡಿದ್ರೆ ಶಾಖ ಗೊತ್ತಾಗುತ್ತೆ. ಹಬಲ್‌ಗೆ ಇದ್ದದ್ದು ಕಣ್ಣು. ಬೇಕಾಗಿದ್ದು ಕೈ.

ಆ ಕೈ ಸ್ಕೂಬಾ ಅನ್ನೋ ಕ್ಯಾಮೆರಾ. ಎಡಿನ್‌ಬರೋದ ರಾಯಲ್ ಅಬ್ಸರ್ವೇಟರಿಯಲ್ಲಿ ಕಟ್ಟಿ, ಹವಾಯಿಯ ಮೌನಾ ಕೇಯ ಪರ್ವತದ ಮೇಲಿರೋ 15 ಮೀಟರ್‌ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಟೆಲಿಸ್ಕೋಪ್‌ಗೆ ಅದನ್ನ ಹಾಕಿದ್ರು. ನಾವು ಸೆಮಿಸ್ಟರ್‌ಗಟ್ಟಲೆ ಸಮೀಕರಣ ಬರೀತೀವಲ್ಲ, ಅದೇ ಮ್ಯಾಕ್ಸ್‌ವೆಲ್. 850 ಮೈಕ್ರಾನ್‌ನಲ್ಲಿ ನೋಡೋಕೆ ಸ್ಕೂಬಾದಲ್ಲಿ ಇದ್ದದ್ದು ಬರೀ 37 ಪಿಕ್ಸೆಲ್! ಪ್ರತಿ ಪಿಕ್ಸೆಲ್ಲೂ ಒಂದು ಬೋಲೋಮೀಟರ್. ಶಾಖ ಬಿದ್ರೆ ಅದರ ರೆಸಿಸ್ಟೆನ್ಸ್ ಬದಲಾಗುತ್ತೆ, ಅಷ್ಟೇ. ಆದ್ರೆ ಡಿಟೆಕ್ಟರೇ ಬಿಸಿ ಇದ್ರೆ ಅದರ ನಾಯ್ಸ್‌ನಲ್ಲಿ ಸಿಗ್ನಲ್ ಮುಳುಗಿ ಹೋಗುತ್ತೆ. ಅದಕ್ಕೇ ಅದನ್ನ ಸುಮಾರು 0.1 ಕೆಲ್ವಿನ್‌ವರೆಗೆ ತಣ್ಣಗೆ ಮಾಡ್ತಿದ್ರು. ಪರ್ವತದ ತುದಿಗೆ ಹೋಗೋದು ಯಾಕಂದ್ರೆ ಗಾಳಿಯ ನೀರಾವಿ ಈ ಅಲೆಗಳನ್ನ ಹೀರಿಕೊಳ್ಳುತ್ತೆ.

1997ರಲ್ಲಿ ಇಯನ್ ಸ್ಮೇಲ್, ರಾಬ್ ಐವಿಸನ್, ಆಂಡ್ರ್ಯೂ ಬ್ಲೇನ್ ಸ್ಕೂಬಾದಿಂದ ಇಂಥ ಧೂಳಿನ ಗ್ಯಾಲಕ್ಸಿಗಳನ್ನ ಮೊದಲು ತೋರಿಸಿದ್ರು. ಮರುವರ್ಷ ಎಡಿನ್‌ಬರೋದಲ್ಲಿದ್ದ ಹ್ಯೂಸ್ ಮತ್ತು ಅವರ ತಂಡ ಅದೇ ಕ್ಯಾಮೆರಾವನ್ನ ಹಬಲ್ ಡೀಪ್ ಫೀಲ್ಡ್ ಕಡೆ ತಿರುಗಿಸಿತು. ಸುಮಾರು 50 ಗಂಟೆ ನೋಡಿದ ಮೇಲೆ ಸಿಕ್ಕಿದ್ದು ಐದು ಮಸುಕು ಚುಕ್ಕೆಗಳು. 3000 ಎಲ್ಲಿ, ಐದು ಎಲ್ಲಿ! ಆದ್ರೂ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಲೇಖನದ ಪ್ರಕಾರ, ಹಳೇ ವಿಶ್ವದಲ್ಲಿ ನಕ್ಷತ್ರ ಹುಟ್ಟುವ ಕೆಲಸದ ದೊಡ್ಡ ಪಾಲನ್ನ ಹಬಲ್ ಲೆಕ್ಕ ಬಿಟ್ಟುಬಿಟ್ಟಿತ್ತು.

ಅಷ್ಟು ದೂರದ್ದು ಹೇಗೆ ಸಿಕ್ತು ಅಂತ ನೀವು ಕೇಳಬಹುದು. ಇಲ್ಲೊಂದು ಒಳ್ಳೆ ಟ್ವಿಸ್ಟ್ ಇದೆ. ಗ್ಯಾಲಕ್ಸಿ ದೂರ ಇದ್ದಷ್ಟೂ ಬೆಳಕು ಕಮ್ಮಿ ಆಗುತ್ತೆ, ಸರಿ. ಆದ್ರೆ ವಿಶ್ವ ಹಿಗ್ಗೋದ್ರಿಂದ ಅದರ ಬೆಳಕಿನ ಅಲೆಗಳೂ ಹಿಗ್ಗುತ್ತವೆ. ಹಾಗಾಗಿ 100 ಮೈಕ್ರಾನ್‌ನ ಪೀಕ್ ನಿಧಾನವಾಗಿ ಜಾರಿಕೊಂಡು ನಮ್ಮ 850 ಮೈಕ್ರಾನ್ ಕಡೆಗೇ ಬರುತ್ತೆ. ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ಎರಡೂ ಹೆಚ್ಚುಕಮ್ಮಿ ಸರಿಹೋಗಿ, ಹತ್ತಿರದ್ದೂ ತುಂಬಾ ದೂರದ್ದೂ ಒಂದೇ ಪ್ರಕಾಶದಲ್ಲಿ ಕಾಣುತ್ತವೆ.

ಈ ವರದಲ್ಲೇ ಒಂದು ಶಾಪ ಕೂಡ ಇದೆ. ಪ್ರಕಾಶ ಒಂದೇ ಆದ್ರೆ ಅದನ್ನ ನೋಡಿ ದೂರ ಹೇಳೋದು ಹೇಗೆ? ಫಸ್ಟ್ ಇಯರ್ ಫಿಸಿಕ್ಸ್‌ನ 1.22 λ/D ನೆನಪಿಸ್ಕೊಳ್ಳಿ. 850 ಮೈಕ್ರಾನ್, 15 ಮೀಟರ್ ಹಾಕಿದ್ರೆ ಸುಮಾರು 14 ಆರ್ಕ್‌ಸೆಕೆಂಡ್ ಬರುತ್ತೆ. ಅಷ್ಟು ಅಗಲದ ಚುಕ್ಕೆಯೊಳಗೆ ಹಬಲ್ ಚಿತ್ರದ ಎಷ್ಟೋ ಗ್ಯಾಲಕ್ಸಿಗಳು ಕೂತಿರುತ್ತವೆ. ಬೆಂಕಿ ಇರೋದು ಯಾರ ಮನೆಯಲ್ಲಿ? ಐದರಲ್ಲಿ ಅತಿ ಪ್ರಕಾಶದ ಎಚ್‌ಡಿಎಫ್ 850.1 ವರ್ಷಗಟ್ಟಲೆ ಎಲ್ಲರ ತಲೆ ತಿಂದಿತು. ಒಂದೊಂದು ತಂಡ ಒಂದೊಂದು ಗ್ಯಾಲಕ್ಸಿ ಕಡೆ ಬೆರಳು ತೋರಿಸಿತು.

ಉತ್ತರ ಬಂದಿದ್ದು 2012ರಲ್ಲಿ, 14 ವರ್ಷ ಆದ ಮೇಲೆ. ಅದನ್ನ ಕಂಡುಹಿಡಿದದ್ದು ಫ್ಯಾಬಿಯನ್ ವಾಲ್ಟರ್ ಅವರ ತಂಡ, ಹ್ಯೂಸ್ ಅವರದಲ್ಲ. ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟದ ಮೇಲಿನ ರೇಡಿಯೋ ಟೆಲಿಸ್ಕೋಪ್‌ಗಳಲ್ಲಿ ಅವರಿಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಕಾರ್ಬನ್ ಅಯಾನಿನ ಗೆರೆಗಳು ಸಿಕ್ಕವು. 158 ಮೈಕ್ರಾನ್‌ನಲ್ಲಿ ಹೊರಟ ಅಯಾನಿನ ಗೆರೆ ನಮಗೆ ತಲುಪಿದ್ದು ಸುಮಾರು 975ರಲ್ಲಿ. ಭಾಗಿಸಿ ನೋಡಿ, 6.2ರ ಹತ್ತಿರ ಬರುತ್ತೆ. ಅಂದ್ರೆ ರೆಡ್‌ಶಿಫ್ಟ್ 5.18. ಆ ಬೆಳಕು ಹೊರಟಾಗ ವಿಶ್ವಕ್ಕೆ ಆಗಿದ್ದು ಬರೀ 110 ಕೋಟಿ ವರ್ಷ, ಈಗ 1380 ಕೋಟಿ. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಹೊಸ ನಕ್ಷತ್ರ ಆಗುತ್ತೆ. ಅಲ್ಲಿ ಸುಮಾರು 850 ಸೂರ್ಯರಷ್ಟು! ಇಷ್ಟಾದ್ರೂ ಹಬಲ್ ಚಿತ್ರದಲ್ಲಿ ಆ ಜಾಗ ಕಪ್ಪು.

ಅಷ್ಟು ಹೊತ್ತಿಗೆ ಹ್ಯೂಸ್ ಮೆಕ್ಸಿಕೋದಲ್ಲಿದ್ರು. ಚುಕ್ಕೆ ಮಸುಕಾಗಿದ್ರೆ D ದೊಡ್ಡದು ಮಾಡಬೇಕು ತಾನೇ? ಪ್ವೆಬ್ಲಾ ರಾಜ್ಯದ ಸಿಯೆರಾ ನೆಗ್ರಾ ಅನ್ನೋ ಜ್ವಾಲಾಮುಖಿ ಪರ್ವತದ ಮೇಲೆ, ಸುಮಾರು 4600 ಮೀಟರ್ ಎತ್ತರದಲ್ಲಿ, ಮೆಕ್ಸಿಕೋ ಮತ್ತು ಅಮೆರಿಕ ಸೇರಿ ಕಟ್ಟಿದ 50 ಮೀಟರ್‌ನ ಲಾರ್ಜ್ ಮಿಲಿಮೀಟರ್ ಟೆಲಿಸ್ಕೋಪ್‌ಗೆ ಅವರು ನಿರ್ದೇಶಕರಾದ್ರು. ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ಕಿವಿ ಕೊಡಿ: ಆ ಡಿಶ್‌ನಲ್ಲಿ 180 ತುಂಡುಗಳಿವೆ. ಡಿಶ್ ತಿರುಗಿದಾಗ ತನ್ನ ಭಾರಕ್ಕೇ ಬಾಗುತ್ತೆ. ಆದ್ರೆ ಮೇಲ್ಮೈಯ ತಪ್ಪು ಒಂದು ಕೂದಲಿನ ದಪ್ಪಕ್ಕಿಂತ ಜಾಸ್ತಿ ಆಗೋ ಹಾಗಿಲ್ಲ. ಅದಕ್ಕೇ ಪ್ರತಿ ತುಂಡನ್ನೂ ಆಕ್ಚುಯೇಟರ್‌ಗಳು ತಳ್ಳಿ ಎಳೆದು ಸರಿ ಮಾಡ್ತಾ ಇರುತ್ತವೆ. 2011ರಲ್ಲಿ ಮೊದಲ ಬೆಳಕು ನೋಡಿದಾಗ ಒಳಗಿನ 32 ಮೀಟರ್ ಮಾತ್ರ ರೆಡಿ ಇತ್ತು. ಪೂರ್ತಿ 50 ಆಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು.

2018ರಲ್ಲಿ ಫಲ ಬಂತು. ಮೆಕ್ಸಿಕೋದಲ್ಲೇ ಪಿಎಚ್‌ಡಿ ಮಾಡಿದ ಹೊರ್ಹೆ ಸವಾಲಾ (ಹೆಸರೇ ಸವಾಲು!) ಮತ್ತು ತಂಡ, ಈ ಟೆಲಿಸ್ಕೋಪ್ ಬಳಸಿ, ರೆಡ್‌ಶಿಫ್ಟ್ 6.03ರ ಧೂಳಿನ ಗ್ಯಾಲಕ್ಸಿಯೊಂದರ ದೂರ ಹೇಳಿತು. ಆಗ ವಿಶ್ವಕ್ಕೆ ಸುಮಾರು 90 ಕೋಟಿ ವರ್ಷ. ಲೇಖಕರ ಪಟ್ಟಿಯಲ್ಲಿ ಸವಾಲಾ ಮೊದಲು, ಹ್ಯೂಸ್ ಹೆಸರು ಅವರ ನಂತರ.

ಎಚ್‌ಡಿಎಫ್ 850.1ರ ನಕ್ಷತ್ರಗಳ ಬೆಳಕು ಕೂಡ ಈಚೆಗೆ ಜೇಮ್ಸ್ ವೆಬ್ ಟೆಲಿಸ್ಕೋಪ್‌ನ ಇನ್‌ಫ್ರಾರೆಡ್ ಚಿತ್ರಗಳಲ್ಲಿ ಸಿಕ್ಕಿದೆ. ಎರಡು ತುಂಡಾಗಿ ಕಾಣುತ್ತೆ, ಯಾಕಂದ್ರೆ ನಡುವಿನ ಭಾಗ ಇನ್ನೂ ದಟ್ಟ ಧೂಳಿನ ಹಿಂದೆ ಇದೆ.

ಮುಂದಿನ ಸಲ ಲ್ಯಾಬ್‌ನಲ್ಲಿ ಸೊನ್ನೆ ಬಂದ್ರೆ, ಬರೆಯೋ ಮುಂಚೆ ಒಂದು ಸಲ ಮೀಟರ್‌ನ ರೇಂಜ್ ಎಷ್ಟಿದೆ ಅಂತ ನೋಡಿ.