ಒಂದು ಹಲ್ಲು ಕಡಿಮೆಯಾದರೆ

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ಮಣ್ಣುದಾರಿಗಳಲ್ಲಿ ನೂರು ಸಿಸಿ ಬೈಕಿನ ಪಾಡು ನೋಡಬೇಕು. ಹಿಂದೆ ಗೊಬ್ಬರದ ಮೂಟೆ, ಟ್ಯಾಂಕಿನ ಮೇಲೊಂದು ಚೀಲ, ಎದುರಿಗೆ ಕಡಿದಾದ ಏರು. ಫಸ್ಟ್ ಗೇರಿನಲ್ಲೂ ಎಂಜಿನ್ ಏದುಸಿರು ಬಿಡುತ್ತದೆ. ಅರ್ಧ ಕ್ಲಚ್ ಹಿಡಿದೇ ಹತ್ತಿಸಬೇಕು. ಮೇಲೆ ತಲುಪುವಷ್ಟರಲ್ಲಿ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ. ಇಂಥ ಗಾಡಿಗೆ ಗ್ಯಾರೇಜಿನಲ್ಲಿ ಸಿಗುವ ಮದ್ದು: "ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕೋಣ ಅಣ್ಣ, ಪಿಕಪ್ ಬರುತ್ತೆ."

ಪಿಕಪ್ ಬರುವುದು ನಿಜ. ಆದರೆ ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಹಾಗಾದರೆ ಅದು ಬರುವುದೆಲ್ಲಿಂದ?

ಸೀಮೆಸುಣ್ಣದ ಲೆಕ್ಕ

ಚೈನು ಸುತ್ತುವ ಹಲ್ಲುಚಕ್ರವೇ ಸ್ಪ್ರಾಕೆಟ್: ಎಂಜಿನ್ ಬದಿಯದು ಮುಂದಿನದು, ಹಿಂದಿನ ಗಾಲಿಯದು ಹಿಂದಿನದು. ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ, ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಆಫ್ ಇರಲಿ. ಹಿಂದಿನ ಟೈರಿಗೂ ಮುಂದಿನ ಸ್ಪ್ರಾಕೆಟ್ಟಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿ, ಚೈನಿನಿಂದ ಬೆರಳು ದೂರವಿಟ್ಟು ಟೈರ್ ಹಿಡಿದು ಚಕ್ರವನ್ನು ಒಂದು ಸುತ್ತು ತಿರುಗಿಸಿ. ಮುಂದೆ 14, ಹಿಂದೆ 42 ಹಲ್ಲಿದ್ದರೆ ಮುಂದಿನದು ಸರಿಯಾಗಿ ಮೂರು ಸುತ್ತು ಸುತ್ತಿರುತ್ತದೆ. 42ನ್ನು 14ರಿಂದ ಭಾಗಿಸಿದರೆ 3. ಇಡೀ ವಿದ್ಯೆ ಇಷ್ಟೇ.

ಈಗ ಮುಂದೆ 13 ಹಲ್ಲಿನದನ್ನು ಹಾಕಿದಿರಿ ಎನ್ನಿ. ಅನುಪಾತ 3.23 ಆಗುತ್ತದೆ. ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ. 7.7ರಷ್ಟು ಹೆಚ್ಚಿತು. ಅದಕ್ಕೆ ತೆರುವ ಬೆಲೆ ವೇಗ. ಮೊದಲು 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ, ಈಗ ಅದೇ ವೇಗಕ್ಕೆ ಸುಮಾರು 5,400 ಸುತ್ತು ಬೇಕು. 5,000ಕ್ಕೇ ನಿಲ್ಲಿಸಿದರೆ ಗಾಡಿ ಓಡುವುದು 56ರ ಆಸುಪಾಸಿನಲ್ಲಿ.

ಏಣಿ ಕೆಳಗಿಳಿಯಿತು, ಮೆಟ್ಟಿಲು ಅಷ್ಟೇ

ಗೇರುಗಳನ್ನು ಏಣಿಯ ಮೆಟ್ಟಿಲುಗಳು ಎಂದುಕೊಳ್ಳಿ. ಸ್ಪ್ರಾಕೆಟ್ ಬದಲಿಸಿದರೆ ಮೆಟ್ಟಿಲುಗಳ ನಡುವಿನ ಅಂತರ ಬದಲಾಗುವುದಿಲ್ಲ, ಇಡೀ ಏಣಿ ತುಸು ಕೆಳಗಿಳಿಯುತ್ತದೆ. ಮೂರನೇ ಗೇರಿನಲ್ಲಿ ಗಾಡಿ ಎಳೆಯದಿದ್ದರೆ ಎರಡಕ್ಕೆ ಇಳಿಸುವ ದಾರಿ ಮೊದಲೂ ಇತ್ತು. ಅಲ್ಲಿ ಸಿಗುವ ಎಳೆತ ಶೇ. 7ಕ್ಕಿಂತ ಎಷ್ಟೋ ಹೆಚ್ಚು, ಅದೂ ಪುಕ್ಕಟೆ. ಹೊಸದಾಗಿ ಕೈಸೇರುವ ಎಳೆತವೆಂದರೆ ಮೊದಲ ಗೇರಿನದು, ಏಕೆಂದರೆ ಅದರ ಕೆಳಗೆ ಇಳಿಯಲು ಇನ್ನೊಂದು ಮೆಟ್ಟಿಲಿರಲಿಲ್ಲ. ಹಾಗೆಯೇ ತಿರುಗಿ ಬಾರದ ನಷ್ಟ ಕೊನೆಯ ಗೇರಿನದು, ಅದರ ಮೇಲೆ ಹತ್ತಲು ಮೆಟ್ಟಿಲಿಲ್ಲ.

ತೋಟದ ದಾರಿಯಲ್ಲಿ ಈ ವ್ಯಾಪಾರ ಲಾಭದ್ದೇ. ಹೊರೆ ಹೊತ್ತು ಏರಿನಲ್ಲಿ ನಿಂತ ಗಾಡಿ ಅರ್ಧ ಕ್ಲಚ್ಚಿನ ಗೋಳು ತಗ್ಗಿಸಿಕೊಂಡು ಹೊರಡುತ್ತದೆ. ಘಾಟಿ ಇಳಿಯುವಾಗ ಅದೇ ಗೇರಿನಲ್ಲಿ ಎಂಜಿನ್ನಿನ ಹಿಡಿತವೂ ತುಸು ಹೆಚ್ಚಿ, ಬ್ರೇಕಿನ ಮೇಲಿನ ಭಾರ ಇಳಿಯುತ್ತದೆ.

ಮುಂದೋ ಹಿಂದೋ?

ಮುಂದೆ ಒಂದು ಹಲ್ಲು ಕಳೆಯುವುದೂ ಹಿಂದೆ ಮೂರು ಹಲ್ಲು ಕೂಡಿಸುವುದೂ ಹೆಚ್ಚುಕಡಿಮೆ ಒಂದೇ. 14ಕ್ಕೆ 45 ಹಾಕಿದರೆ ಅನುಪಾತ 3.21. ಮುಂದಿನದು ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಚಿಕ್ಕ ಸ್ಪ್ರಾಕೆಟ್ಟಿನ ಮೇಲೆ ಚೈನು ಹೆಚ್ಚು ಬಾಗಬೇಕು, ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಸವೆತ ಹೆಚ್ಚು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ರಬ್ಬರಿಗೆ ಚೈನು ಉಜ್ಜುತ್ತದೆಯೇ ಎಂದೂ ನೋಡಬೇಕು. ಒಂದಕ್ಕಿಂತ ಹೆಚ್ಚು ಹಲ್ಲು ಇಳಿಸಬೇಕೆನಿಸಿದರೆ ಹಿಂದಿನದನ್ನು ದೊಡ್ಡದು ಮಾಡುವುದೇ ಲೇಸು.

ಆಗ ಚೈನಿನ ಉದ್ದದ ಪ್ರಶ್ನೆ ಬರುತ್ತದೆ. ಚಿಕ್ಕ ಬೈಕುಗಳ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಒಂದು ಹಲ್ಲಿನ ವ್ಯತ್ಯಾಸಕ್ಕೆ ಹಿಂದಿನ ಚಕ್ರ ಸರಿಯಬೇಕಾದದ್ದು ಸುಮಾರು 3 ಮಿ.ಮೀ., ಮೂರು ಹಲ್ಲಿಗೆ 9ರಿಂದ 10. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಉದ್ದನೆಯ ಚೈನು ಬೇಕು. ಒಳಕೊಂಡಿ, ಹೊರಕೊಂಡಿ ಸರದಿಯಂತೆ ಬರುವುದರಿಂದ ಚೈನಿನ ಉದ್ದ ಎರಡೆರಡು ಕೊಂಡಿಯಾಗಿಯೇ ಹೆಚ್ಚುತ್ತದೆ.

ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿಸುವುದು ಉಳಿತಾಯದಂತೆ ಕಾಣುವ ನಷ್ಟ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆದು ನೋಡಿ. ಅದು ಎದ್ದು ಅರ್ಧ ಹಲ್ಲು ಕಂಡರೆ ಚೈನು ಸವೆದಿದೆ, ಹೊಸ ಹಲ್ಲುಗಳನ್ನೂ ಬೇಗ ತಿಂದುಹಾಕುತ್ತದೆ. ಆಗ ಪೂರ್ತಿ ಚೈನ್ ಸೆಟ್ಟೇ ಬದಲಿಸಿ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ.

ಮೀಟರ್ ಹೇಳುವ ಸುಳ್ಳು

ಸ್ಪೀಡೋಮೀಟರಿನ ಕೇಬಲ್ ಮುಂದಿನ ಚಕ್ರದಿಂದ ಬಂದಿದ್ದರೆ ಚಿಂತೆಯಿಲ್ಲ. ಗೇರ್‌ಬಾಕ್ಸಿನಿಂದ ವೇಗ ಅಳೆಯುವ ಗಾಡಿಯಲ್ಲಿ ಮಾತ್ರ, 60ರಲ್ಲಿ ಓಡುತ್ತಿದ್ದರೂ ಮೀಟರ್ 65ರ ಹತ್ತಿರ ತೋರಿಸುತ್ತದೆ. ಕಿಲೋಮೀಟರ್ ಎಣಿಕೆಯೂ ಅಷ್ಟೇ ಉಬ್ಬುತ್ತದೆ. "ಮೈಲೇಜ್ ಏನೂ ಬಿದ್ದಿಲ್ಲ" ಎಂದು ಹಿಗ್ಗುವವರು ಇದನ್ನು ನೆನಪಿಡಬೇಕು.

ಗಾಳಿಯ ಎದುರು

ಹೆದ್ದಾರಿಯಲ್ಲೇ ಓಡಾಡುವವರು ಇದನ್ನೇ ತಿರುಗುಮುರುಗು ಮಾಡಿ ಮುಂದೆ 15 ಹಾಕಿಸುತ್ತಾರೆ. ಎಂಜಿನ್ ಆರಾಮಾಗಿ ತಿರುಗುತ್ತದೆ, ಕೈಗೆ ನಡುಕ ಕಡಿಮೆ. ಆದರೆ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ನಡುವೆ ಎದುರುಗಾಳಿ ಹೊಡೆದಾಗ ಚಿಕ್ಕ ಎಂಜಿನ್ ಟಾಪ್ ಗೇರನ್ನು ಎಳೆಯಲಾರದೆ ಹೋಗಬಹುದು. ಲೆಕ್ಕದಲ್ಲಿ ಹೆಚ್ಚಬೇಕಿದ್ದ ಗರಿಷ್ಠ ವೇಗ ರಸ್ತೆಯಲ್ಲಿ ಇಳಿದಿರುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ವಾರ ನಿಮ್ಮ ಎಡಗೈಯನ್ನೂ ಎಡಗಾಲನ್ನೂ ಗಮನಿಸಿ. ಫಸ್ಟ್ ಗೇರಿನಲ್ಲಿದ್ದೂ ಕೈ ಮತ್ತೆ ಮತ್ತೆ ಕ್ಲಚ್ ಹಿಡಿಯುತ್ತಿದೆಯೇ? ಒಂದು ಹಲ್ಲು ಇಳಿಸಿ. ಟಾಪ್ ಗೇರಿನಲ್ಲಿದ್ದೂ ಕಾಲು ಇನ್ನೊಂದು ಗೇರಿಗೆ ತಡಕಾಡುತ್ತಿದೆಯೇ? ಒಂದು ಹಲ್ಲು ಏರಿಸಬಹುದು. ಗಾಡಿ ತಿಣುಕುವುದು ನಡುವಿನ ಗೇರುಗಳಲ್ಲಿ ಮಾತ್ರವಾದರೆ ಸ್ಪ್ರಾಕೆಟ್ ಹಾಗೇ ಇರಲಿ, ಒಂದು ಗೇರ್ ಇಳಿಸಿ ಸಾಕು.